ಮಟಮಟ ಮಧ್ಯಾಹ್ನದ ಕಾರ್ಡು

ಶನಿವಾರ, ಹದಿನಾಲ್ಕನೇ ತಾರೀಖು
ಬೆಳಗ್ಗೆ ಹತ್ತೂವರೆ, ಕಚೇರಿ

ಮೊಂಡಿಗೆ ಅಮ್ಮನ ಆಶೀರ್ವಾದ.

ಇತ್ತ ನಾನು ಕ್ಷೇಮ ಎಂದು ಮೊದಲು ಬರೆಯಬೇಕು. ಕ್ಷೇಮ ಎನ್ನುವ ಪದಕ್ಕೆ ನಮ್ಮ ಶಬ್ದಕೋಶದಲ್ಲಿ ನಾಲ್ಕು ಅರ್ಥ ಕೊಟ್ಟಿದ್ದೇವೆ. ನಾಲ್ಕರಲ್ಲಿ ಯಾವುದೂ ನನಗೆ ಸರಿಯಾಗಿ ಕೂರುವುದಿಲ್ಲ, ಹಾಗೆಂದು ಕಾಯಿಲೆಯೂ ಇಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಬೆಳಗ್ಗೆ ಎದ್ದರೆ ಬಸ್ಸು ಸಿಗುತ್ತದೆ. ಮೈ ಎಲ್ಲೋ ನಾನೆಲ್ಲೋ ಅನ್ನುವ ಹಾಗೆ ದಿನ ಹೋಗುತ್ತಿದೆ, ಅಷ್ಟೇ.

ಗುರುವಾರ ನನ್ನ ಕೈಗೆ ಎರಡು ಬಂದವು. ಮನೆಗೆ ನಿನ್ನ ಕಾಗದ, ಕಚೇರಿಗೆ 'ಮ' ಸಂಪುಟದ ಕರಡಚ್ಚು. ಕರಡಚ್ಚಿಗೆ ನಾನು ಸೋಮವಾರದೊಳಗೆ ಸಹಿ ಹಾಕಬೇಕು. ನೀನು ಮೂವತ್ತನೇ ತಾರೀಖಿಗೆ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಡುವುದಾಗಿ ಬರೆದಿದ್ದೀಯ. ಎರಡೂ ಒಂದೇ ವಿಷಯ. ಅದು ನಿನಗೆ ಇನ್ನೂ ಗೊತ್ತಿಲ್ಲ, ನನಗೆ ಗೊತ್ತು.

ನಿನ್ನ ಕಾಗದದ ಮೂರು ವಾಕ್ಯಗಳನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ. 'ಅಪ್ಪ ಕೊನೇ ಸಲ ಫೋನ್ ಮಾಡಿದ್ದು ನನಗೆ. ನಾನು ಕಟ್ ಮಾಡಿದೆ. ಇನ್ನೊಬ್ಬರ ನಾಡಿ ಹಿಡಿದು ನೋಡೋ ಯೋಗ್ಯತೆ ನನಗಿಲ್ಲ.' ಎರಡನೆಯ ವಾಕ್ಯ ಸರಿಯಾಗಿದೆ. ಮೊದಲನೆಯದು ತಪ್ಪು. ಮೊದಲನೆಯದು ತಪ್ಪಾದರೆ ಮೂರನೆಯದಕ್ಕೆ ನೆಲೆಯೇ ಇಲ್ಲ. ಅಪ್ಪ ಕೊನೆಯ ಸಲ ಫೋನ್ ಮಾಡಿದ್ದು ನನಗೆ. ನೀನು ಕಟ್ ಮಾಡಿದ ಮೂರು ನಿಮಿಷಕ್ಕೆ ಮಾಡಿದರು, ನಾನು ಎತ್ತಿದೆ, ಒಂಬತ್ತು ನಿಮಿಷ ಮಾತಾಡಿದೆವು.

ಇಷ್ಟು ಓದಿ ನೀನು ಕಾಗದ ಮಡಚಿಟ್ಟು ಎದ್ದು ಹೋಗಬಹುದು. ಹೋದರೂ ಆಮೇಲೆ ಬಂದು ಉಳಿದದ್ದನ್ನು ಓದು. ಏಳು ತಿಂಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ದೇನೆ. ಇದೊಂದು ಕಾಗದದಲ್ಲಾದರೂ ಹಾಗೆ ಮಾಡಬಾರದು ಅಂದುಕೊಂಡು ಕೂತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ. ಜನ ಬಾಯಲ್ಲಿ ಆಡಿದ ನುಡಿಗಟ್ಟನ್ನು ಕಾರ್ಡಿಗೆ ಇಳಿಸುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕಿವಿಗೆ ಬಿದ್ದ ಐದು ನಿಮಿಷದೊಳಗೆ ಬರೆಯಬೇಕು, ಇಲ್ಲದಿದ್ದರೆ ಅದು ಸಾಕ್ಷಿಯಲ್ಲ, ನೆನಪು. ಹೆಸರು ಬರೆಯುವಂತಿಲ್ಲ. ಹೇಳಿದವರ ಕಸುಬು, ವಯಸ್ಸು, ಹೊತ್ತು, ಸಂದರ್ಭ, ಸ್ಥಿತಿ ಇಷ್ಟೇ. ಮಾತಿನ ನಡುವೆ ತಡೆದ ಕಡೆ ಒಂದು ಸಣ್ಣ ನಿಲುಗೀಟು ಹಾಕಬೇಕು. ಹೇಳುತ್ತಿರುವವರನ್ನು ನಡುವೆ ತಡೆಯಬಾರದು, ತಿದ್ದಬಾರದು, ವಿಷಯ ಬದಲಿಸಬಾರದು. ನಮ್ಮ ಪ್ರಧಾನ ಸಂಪಾದಕರು, ನಾವು ದೊಡ್ಡವರು ಅಂತ ಕರೆಯುವವರು, ಈ ಕೊನೆಯ ಮಾತನ್ನು ಹೊಸಬರಿಗೆಲ್ಲ ಮೂರು ಸಲ ಹೇಳುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ನನಗೆ ಅದು ಉಸಿರಾಟದ ಹಾಗೆ ಆಗಿಹೋಗಿದೆ.

ನೀನು ಏಳು ವರ್ಷದವಳಿದ್ದಾಗ ಸೈಕಲ್ಲಿಂದ ಬಿದ್ದು ಮೊಣಕಾಲು ಒಡೆದುಕೊಂಡು ಬಂದೆ. ಅಮ್ಮಾ ಹಗಲಲ್ಲೇ ನಕ್ಷತ್ರ ಕಂಡ್ವು ಅಂದೆ. ನಾನು ಹತ್ತಿ ಹುಡುಕುವ ಮೊದಲು ಪೆನ್ಸಿಲ್ ಹುಡುಕಿದೆ. ಅಪ್ಪ ಅದನ್ನು ಎಷ್ಟು ಜನರ ಮುಂದೆ ಹೇಳಿ ನಗಿಸಿದ್ದಾರೋ. 'ನಮ್ಮನೆಯವಳ ಮುಂದೆ ಬಾಯಿ ಬಿಟ್ಟರೆ ಜೈಲೇ ಗತಿ, ಬಂದ ಮಾತನ್ನ ಹಿಡಿದು ಡ್ರಾಯರ್‌ಗೆ ಹಾಕಿ ಬೀಗ ಹಾಕ್ತಾಳೆ' ಅನ್ನುತ್ತಿದ್ದರು. ಹೇಳುವಾಗ ಅವರಿಗೆ ಒಳಗೊಳಗೇ ಹೆಮ್ಮೆ ಇರುತ್ತಿತ್ತು. ಓದಿದವಳನ್ನು ಕಟ್ಟಿಕೊಂಡ ಗಾರೆ ಮೇಸ್ತ್ರಿಯ ಹೆಮ್ಮೆ. ನನಗೂ ಇಷ್ಟವಾಗುತ್ತಿತ್ತು.

ಅಪ್ಪ ಹೋದ ವಾರ ನನ್ನ ಮೇಜಿನ ಮೇಲೆ ಇದ್ದದ್ದು 'ಮಟಮಟ ಮಧ್ಯಾಹ್ನ'. ನಾವೆಲ್ಲ ದಿನವೂ ಆಡುವ ಮಾತು. ಆದರೆ ಆ 'ಮಟಮಟ' ಎಲ್ಲಿಂದ ಬಂತು ಅಂತ ಕೇಳಿದರೆ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಎದುರು ಮೇಜಿನವರು, ಅದು ಕಟ್ಟಕಡೆ, ತುತ್ತತುದಿ, ನಟ್ಟನಡು ಇವುಗಳ ಜಾತಿಯದು, ಒತ್ತಿ ಹೇಳುವುದಕ್ಕೆ ಮೊದಲ ಅಕ್ಷರವನ್ನೇ ಎಳೆದು ತಂದಿದ್ದಾರೆ ಅನ್ನುತ್ತಾರೆ. ದೊಡ್ಡವರು, ಇಲ್ಲ, ಇದು 'ಮಟ್ಟ'ದಿಂದ ಬಂದದ್ದಿರಬೇಕು, ಹೊತ್ತು ಸರಿಯಾಗಿ ನೆತ್ತಿಯ ಮಟ್ಟಕ್ಕೆ ಬಂದಿತು ಅಂತ ಅರ್ಥ ಅನ್ನುತ್ತಾರೆ. ಇಬ್ಬರ ಹತ್ತಿರವೂ ಪುರಾವೆ ಇಲ್ಲ. ಇಬ್ಬರೂ ಚಹಾ ಕುಡಿಯುವಾಗ ಜಗಳ ಆಡುತ್ತಾರೆ. ನಾನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಇದ್ದೆ.

ಹುಟ್ಟು ಗೊತ್ತಿಲ್ಲದಿದ್ದರೂ ಅರ್ಥವನ್ನು ಬರೆಯಲೇಬೇಕಲ್ಲ. ನಲವತ್ತೊಂದು ಕಾರ್ಡು ಮೇಜಿನ ಮೇಲೆ ಹರಡಿಕೊಂಡು ಕೂತೆ. ನೋಡುತ್ತಾ ನೋಡುತ್ತಾ ನನಗೆ ಒಂದು ಗೊತ್ತಾಯಿತು. ಆ ಮಾತನ್ನು ಯಾರೂ ಬರೀ ಹೊತ್ತು ಹೇಳುವುದಕ್ಕೆ ಆಡುವುದಿಲ್ಲ. ಮಟಮಟ ಮಧ್ಯಾಹ್ನಕ್ಕೆ ಮೀಟಿಂಗ್ ಇದೆ ಅಂತ ಯಾವ ಗುಮಾಸ್ತನೂ ಹೇಳುವುದಿಲ್ಲ. ಮಟಮಟ ಮಧ್ಯಾಹ್ನ ಎಲ್ಲಿಗೆ ಹೊರಟೆ ಅನ್ನುತ್ತಾರೆ. ಮಟಮಟ ಮಧ್ಯಾಹ್ನವಾದರೂ ಹಾಸಿಗೆ ಬಿಟ್ಟಿಲ್ಲ ಅನ್ನುತ್ತಾರೆ. ಮಟಮಟ ಮಧ್ಯಾಹ್ನವೇ ಕಳ್ಳ ನುಗ್ಗಿದ ಅನ್ನುತ್ತಾರೆ. ನಲವತ್ತೊಂದರಲ್ಲೂ ಒಂದು ಬೈಗುಳ, ಇಲ್ಲವೇ ಒಂದು ಗಾಬರಿ, ಇಲ್ಲವೇ ಒಂದು ಆತಂಕ. ಆ ಹೊತ್ತಿನಲ್ಲಿ ಆಗಬಾರದ್ದು ಏನೋ ಆಗುತ್ತಿದೆ.

ಹಾಗಾಗಿ ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಅರ್ಥದ ಸಾಲು ಬರೆದು ಮುಗಿಸಿದೆ. 'ಸರಿಯಾದ ನಡುಹಗಲು, ಹೇಳುವವರ ದೃಷ್ಟಿಯಲ್ಲಿ ಏನೋ ಸರಿಯಿಲ್ಲ ಎಂಬ ಸೂಚನೆಯೊಡನೆ.' ಎರಡು ಸಲ ಓದಿಕೊಂಡೆ, ಚೆನ್ನಾಗಿದೆ ಅನಿಸಿತು. ಈಗಲೂ ಚೆನ್ನಾಗಿದೆ. ಕರಡಚ್ಚಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಹನ್ನೆರಡು ಒಂಬತ್ತಕ್ಕೆ ಅಪ್ಪನ ಫೋನ್ ಬಂತು.

ಅವರು ಆ ಹೊಸ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಆಳುಗಳೆಲ್ಲ ಊಟಕ್ಕೆ ಇಳಿದಿದ್ದರಂತೆ. ಊಟ ಮಾಡಲಿಲ್ಲವೇ ಅಂತ ಕೇಳಿದೆ. ಬೇಡ ಅನಿಸ್ತು, ಬೆಳಗ್ಗಿಂದ ಗ್ಯಾಸು ಅಂದರು. ಎಡಗೈ ಜೋಮು ಹಿಡಿದಿದೆ, ರಾತ್ರಿ ಅದರ ಮೇಲೇ ಮಲಗಿದ್ನೋ ಏನೋ ಅಂದರು. ನಾನು ಹೂಂ ಅಂದೆ. ಆಮೇಲೆ ಅವರು, 'ಮಟಮಟ ಮಧ್ಯಾಹ್ನ, ಸೂರ್ಯ ನೆತ್ತಿ ಸುಡ್ತಾ ಇದಾನೆ, ನನಗೆ ನೋಡಿದ್ರೆ ಬೆವರಿ ಬೆವರಿ ಚಳಿ ಆಗ್ತಿದೆ ಕಣೇ' ಅಂದರು.

ನಾನು ಏನು ಮಾಡಿದೆ ಅಂತ ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಒಂದ್ನಿಮಿಷ ಅಂದೆ. ಇನ್ನೊಂದ್ಸಲ ಹೇಳಿ, ಹಾಗೇ ಹೇಳಿ ಅಂದೆ. ಡ್ರಾಯರ್ ಎಳೆದು ಹೊಸ ಕಾರ್ಡು ತೆಗೆದೆ.

ಆ ಮಾತನ್ನು ಚಳಿಯ ಜೊತೆ ಆಡಿದ ಒಂದೂ ಕಾರ್ಡು ನನ್ನ ಹತ್ತಿರ ಇರಲಿಲ್ಲ. ನಲವತ್ತೊಂದೂ ಬಿಸಿಲಿನವೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಸಿಗದ ಸಾಕ್ಷಿ ತಾನಾಗಿ ಫೋನಿನಲ್ಲಿ ಬಂದಿತ್ತು. ನನ್ನ ಗಂಡನಿಗೆ ಚಳಿ ಆಗುತ್ತಿದೆ ಅನ್ನುವುದು ನನ್ನ ಕಿವಿಗೆ ಬಿತ್ತು, ಬೀಳಲಿಲ್ಲ ಅಂತ ಸುಳ್ಳು ಹೇಳಲಾರೆ. ಅದು ಕಾರ್ಡಿನ ಮೇಲೆ ಬಿತ್ತು, ಅಲ್ಲೇ ಉಳಿಯಿತು.

ಅಪ್ಪ ನಕ್ಕರು. ಸಿಕ್ಕಿಹಾಕ್ಕೊಂಡ್ನಾ ಅಂದರು. ಮತ್ತೆ ಅದೇ ಮಾತನ್ನು ನಿಧಾನವಾಗಿ, ಪಾಠ ಹೇಳಿಕೊಡುವವರ ಹಾಗೆ ಹೇಳಿದರು. ನಾನು ಬಿಡಲಿಲ್ಲ. ಈ ಮಾತು ನಿಮಗೆ ಯಾರಿಂದ ಬಂತು, ಯಾಕೆ ಹಾಗನ್ನುತ್ತಾರೆ ಅಂತ ಕೇಳಿದೆ. ಅವರು ಹೇಳಲು ಶುರುಮಾಡಿದರು.

ಅವರಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ ಒಬ್ಬರಿದ್ದರಂತೆ. ಗಡಿಯಾರ ಕಟ್ಟುತ್ತಿರಲಿಲ್ಲವಂತೆ. ಕಟ್ಟುತ್ತಿರುವ ಗೋಡೆಯ ಪಕ್ಕ ನೆಲದಲ್ಲಿ ಒಂದು ಕೋಲು ನೆಟ್ಟು, ತೂಗುಗುಂಡು ಇಳಿಬಿಟ್ಟು ಅದು ನೇರವಾಗಿದೆಯೋ ಇಲ್ಲವೋ ನೋಡುತ್ತಿದ್ದರಂತೆ. ಕೋಲಿನ ನೆರಳು ಕುಗ್ಗುತ್ತಾ ಕುಗ್ಗುತ್ತಾ ಬುಡಕ್ಕೆ ಬಂದು ಸೇರಿದಾಗ 'ಮಟ್ಟ, ಮಟ್ಟ' ಅಂತ ಎರಡು ಸಲ ಕೂಗುವರಂತೆ. ಹಾಗೆ ಕೂಗಿದ ಮೇಲೆ ಕೈಯಲ್ಲಿದ್ದ ಇಟ್ಟಿಗೆಯನ್ನೂ ಇಡುವಂತಿಲ್ಲ, ಕೆಳಗಿಳಿಯಬೇಕು. ಆ ಹೊತ್ತಲ್ಲಿ ಮೇಲಿದ್ದವನ ತಲೆ ತಿರುಗುತ್ತೆ, ನೆರಳೂ ಇರಲ್ಲ ಹಿಡ್ಕೊಳ್ಳೋಕೆ ಅನ್ನುತ್ತಿದ್ದರಂತೆ ಆ ಮೇಸ್ತ್ರಿ. ಅದಕ್ಕೇ ಮಟಮಟ ಮಧ್ಯಾಹ್ನ ಅಂತಾರೆ, ನಿಮ್ಮ ದೊಡ್ಡವರಿಗೆ ಹೇಳು ಅಂದರು ಅಪ್ಪ.

ಅದು ನಿಜವಾದ ಹುಟ್ಟೋ ಅಲ್ಲವೋ ನನಗೆ ತಿಳಿಯದು. ಒಬ್ಬ ಮೇಸ್ತ್ರಿಯ ಮಾತು, ಇನ್ನೊಬ್ಬ ಮೇಸ್ತ್ರಿಯ ಬಾಯಲ್ಲಿ ಬಂದದ್ದು, ಅಷ್ಟೇ. ಅಚ್ಚಿನಲ್ಲಿ ಅದರ ಮುಂದೆ ಪ್ರಶ್ನೆಯ ಗುರುತು ಹಾಕಿದ್ದೇವೆ.

ಹೇಳುತ್ತಾ ಅವರು ಎಷ್ಟೋ ಕಡೆ ತಡೆದರು. ನಾನು ಕ್ರಮ ತಪ್ಪದೆ ಗೀಟು ಹಾಕಿದೆ. ಕಾರ್ಡಿನ ಎಂಟು ಸಾಲಿನಲ್ಲಿ ಹನ್ನೊಂದು ಗೀಟು ಇವೆ. ಗಟ್ಟಿ ಆಳು, ಎರಡು ಮಹಡಿ ಒಂದೇ ಉಸಿರಿಗೆ ಹತ್ತುವವರು, ಒಂದು ಸಾಲು ಹೇಳುವುದರಲ್ಲಿ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ನಾನು ಅದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದಕ್ಕೆ ಪೆನ್ಸಿಲಿನ ಹನ್ನೊಂದು ಗೀಟು ಸಾಕ್ಷಿ. ಕಾರ್ಡಿನ ಕೆಳಗೆ 'ಹೇಳಿದವರ ಸ್ಥಿತಿ' ಅಂತ ಒಂದು ಖಾನೆ ಇದೆಯಲ್ಲ, ಅದರಲ್ಲಿ ಆರಾಮ ಅಂತ ಬರೆದಿದ್ದೇನೆ.

ಕೊನೆಗೆ ಅವರು, ಬರ್ಕೊಂಡ್ಯಾ ಅಂತ ಕೇಳಿದರು. ಬರ್ಕೊಂಡೆ ಅಂದೆ. ಹಾಗಾದ್ರೆ ಇಡ್ಲಾ ಅಂದರು. ಇಡಿ, ಬರ್ತಾ ಬಟ್ಟೆ ಸೋಪು ತನ್ನಿ ಅಂದೆ. ಹನ್ನೆರಡು ಹದಿನೆಂಟು.

ಒಂದೂ ಹತ್ತಕ್ಕೆ ಆಳುಗಳು ಮೇಲೆ ಬಂದರು. ಒಂದೂ ಇಪ್ಪತ್ತಕ್ಕೆ ಸೈಟಿನ ಮ್ಯಾನೇಜರ್ ನನಗೆ ಫೋನ್ ಮಾಡಿ, ಮೇಡಂ, ಮೇಸ್ತ್ರಿಗಳು ಕೂತಲ್ಲೇ ಒರಗಿದಾರೆ, ಮಾತಾಡ್ತಿಲ್ಲ ಅಂದ. ಮುಂದಿನದು ನಿನಗೆ ಗೊತ್ತು.

ನೀನು ಮಾರನೇ ದಿನ ಬೆಳಗ್ಗೆ ಬಂದೆ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಬಾಗಿಲಲ್ಲೇ ನಿಂತು, ಅಪ್ಪ ಹನ್ನೆರಡು ಆರಕ್ಕೆ ನಂಗೆ ಮಾಡಿದ್ರು, ಡ್ರಿಪ್ ಹಾಕ್ತಿದ್ದೆ, ಕಟ್ ಮಾಡಿದೆ, ನಿಂಗೆ ಮಾಡಿದ್ರಾ ಅಂತ ಕೇಳಿದೆ. ನಾನು ಇಲ್ಲ ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂತು, ಹೇಳಿದೆ. ನೀನು ಅಲ್ಲೇ ಗೋಡೆಗೆ ಒರಗಿ ಕೂತೆ. ಆಗ ಹೌದು ಅನ್ನಬಹುದಿತ್ತು, ಅನ್ನಲಿಲ್ಲ. ಸಂಜೆ ನೀನು ಸ್ನಾನಕ್ಕೆ ಹೋದಾಗ ನನ್ನದು, ಅಪ್ಪನದು ಎರಡೂ ಫೋನಿನಿಂದ ಆ ಕರೆಯನ್ನು ಅಳಿಸಿದೆ. ಅದು ಮಾತ್ರ ಯೋಚನೆ ಮಾಡಿಯೇ ಮಾಡಿದ್ದು.

ನೀನು ಏಳು ತಿಂಗಳಿಂದ ನಿನ್ನನ್ನು ನೀನೇ ತಿನ್ನುತ್ತಿರುವುದನ್ನು ನೋಡುತ್ತಿದ್ದೆ. ತೂಕ ಇಳಿದದ್ದು ಗೊತ್ತು. ಯಾರು ಫೋನ್ ಮಾಡಿದರೂ ಒಂದೇ ರಿಂಗಿಗೆ ಎತ್ತಲು ಶುರುಮಾಡಿದ್ದೂ ಗೊತ್ತು. ನಿನ್ನ ಮೇಲೆ ಬಿದ್ದಿರುವ ಹೊರೆ ನನ್ನದು ಅಂತ ಗೊತ್ತಿದ್ದೂ ನಿನ್ನ ಹೆಗಲಿಗೇ ಬಿಟ್ಟಿದ್ದೆ. ಇದಕ್ಕೆ ತಾಯಿ ಅನ್ನುವ ಪದ ಒಪ್ಪುವುದಿಲ್ಲ. ನನಗೆ ಹೆದರಿಕೆ ಇತ್ತು. ಗೊತ್ತಾದರೆ ನೀನು ನನ್ನ ಮುಖ ನೋಡುವುದಿಲ್ಲ ಅಂತ. ಅಪ್ಪ ಹೋದ ಮೇಲೆ ನನಗೆ ಉಳಿದಿರುವುದು ನೀನೊಬ್ಬಳೇ ಅಂತ. ಈಗಲೂ ಆ ಹೆದರಿಕೆ ಇದೆ. ಆದರೆ ನೀನು ಕೆಲಸ ಬಿಡುತ್ತೇನೆ ಅಂದಮೇಲೆ ಅದನ್ನು ಹಿಡಿದುಕೊಂಡು ಕೂರಲಾಗುವುದಿಲ್ಲ.

ಅಳು ಬಂದಿಲ್ಲ. ಬರಲಿ ಅಂತ ಕಾದಿದ್ದೂ ಆಯಿತು. ಹನ್ನೊಂದನೇ ದಿನ ಕಚೇರಿಗೆ ಬಂದು ಆ ನಮೂದನ್ನು ಮುಗಿಸಿ ಒಪ್ಪಿಸಿದೆ. ದೊಡ್ಡವರು ಕಾರ್ಡು ಓದಿ, ಇಡೀ ಸಂಪುಟದಲ್ಲಿ ಇಂಥ ಸಾಕ್ಷಿ ಇನ್ನೊಂದಿಲ್ಲ ಅಂದರು. ಯಾರದು ಅಂತ ಕೇಳಲಿಲ್ಲ, ಕೇಳುವ ಪದ್ಧತಿ ಇಲ್ಲ. ನನಗೆ ಖುಷಿಯಾಯಿತು. ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಒಂದು ಕ್ಷಣ ನಿಜವಾಗಿ ಖುಷಿಯಾಯಿತು, ಆಮೇಲೆ ಏನೂ ಆಗಲಿಲ್ಲ.

ಕಚೇರಿಯ ಕೆಳಗಿನ ಕ್ಲಿನಿಕ್ಕಿನ ಡಾಕ್ಟರನ್ನು ಬೇರೆ ಯಾರದೋ ವಿಷಯ ಅನ್ನುವ ಹಾಗೆ ಒಂದು ದಿನ ಕೇಳಿದೆ. ಬೆವರು, ಚಳಿ, ಎಡಗೈ ಜೋಮು, ಮಾತಾಡಿದರೆ ಉಸಿರು ಸಾಲದು. ತಕ್ಷಣ ಆಸ್ಪತ್ರೆಗೆ ಹೋಗಿದ್ರೆ ಉಳಿಯೋ ಸಾಧ್ಯತೆ ಚೆನ್ನಾಗೇ ಇತ್ತು ಅಂದರು. ಸೈಟಿನಿಂದ ಆಸ್ಪತ್ರೆಗೆ ಹತ್ತು ನಿಮಿಷ. ನೀನು ನರ್ಸ್, ನಿನಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನೀನು ಎತ್ತಿದ್ದರೆ ಅವರ ಮೊದಲ ಎರಡು ಮಾತಿಗೇ ಗೊತ್ತಾಗುತ್ತಿತ್ತು ಅಂತ ಬರೆದಿದ್ದೀಯ. ಇರಬಹುದು. ಆದರೆ ಅವರು ಹೋದದ್ದು ನೀನು ಎತ್ತದೇ ಇದ್ದದ್ದರಿಂದ ಅಲ್ಲ. ಎತ್ತಿದವಳು ಇದ್ದಳು. ಆ ಹೊತ್ತಿಗೆ ನೀನು ಯಾರೋ ಒಬ್ಬ ಮುದುಕರ ತೋಳಿನಲ್ಲಿ ನರ ಹುಡುಕುತ್ತಿದ್ದೆ, ಆ ಮುದುಕರು ವಾಸಿಯಾಗಿ ಮನೆಗೆ ಹೋದರು ಅಂತ ನೀನೇ ಹೇಳಿದ್ದೆ. ಅದು ನಿನ್ನ ಕೆಲಸ, ನೀನು ಸರಿಯಾಗಿ ಮಾಡಿದೆ. ನನ್ನ ಕೆಲಸವನ್ನು ನಾನೂ ಸರಿಯಾಗಿಯೇ ಮಾಡಿದೆ.

ಹಾಗಾಗಿ ರಾಜೀನಾಮೆ ಕೊಡಬೇಡ. ಕೊಡಲೇಬೇಕು ಅನಿಸಿದರೆ ಬೇರೆ ಕಾರಣಕ್ಕೆ ಕೊಡು, ಕಾಲು ನೋವು, ಡ್ಯೂಟಿ ಜಾಸ್ತಿ, ಮೇಟ್ರನ್ ಸರಿಯಿಲ್ಲ, ಏನಾದರೂ. ಈ ಕಾರಣಕ್ಕೆ ಬೇಡ. ಈ ಕಾರಣ ನಿನ್ನದಲ್ಲ.

ಕರಡಚ್ಚು ಈಗ ಎದುರಿಗಿದೆ. ಅಪ್ಪನ ವಾಕ್ಯವನ್ನು ಹೊಡೆದುಹಾಕೋಣ ಅಂತ ಪೆನ್ನು ಎತ್ತಿದೆ, ಹಾಕಲಿಲ್ಲ. ಅವರು ಆಡಿದ ಮಾತು, ಚೆನ್ನಾಗಿ ಆಡಿದ ಮಾತು, ಇರಲಿ. ಗೀಟುಗಳನ್ನು ಅಚ್ಚಿನಲ್ಲಿ ಕೈಬಿಟ್ಟಿದ್ದಾರೆ, ಓದುವವರಿಗೆ ಅವರು ಒಂದೇ ಸಮನೆ ಹೇಳಿದ ಹಾಗೆ ಕಾಣುತ್ತದೆ. ಮೂಲ ಕಾರ್ಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಕಚೇರಿಯಿಂದ ಕಾರ್ಡು ಹೊರಗೆ ಒಯ್ಯುವಂತಿಲ್ಲ, ಕದ್ದಿದ್ದೇನೆ. ಯಾರಾದರೂ ಕೇಳಿದರೆ ಹೌದು ಅನ್ನುತ್ತೇನೆ.

ನೀನು ಬಂದು ಬೈದರೆ ಬೈಸಿಕೊಳ್ಳುತ್ತೇನೆ. ಬಾರದೇ ಇದ್ದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಮೂವತ್ತನೇ ತಾರೀಖು ನೀನು ಡ್ಯೂಟಿಗೆ ಹೋದೆ ಅಂತ ಗೊತ್ತಾದರೆ ಸಾಕು. ನನಗೆ ಹೇಳಬೇಕಾಗಿಲ್ಲ, ವಾರ್ಡಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ.

ಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ

ತಾ. ಕ. ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಕಾಗದ ಮಡಚಿ ಲಕೋಟೆಗೆ ಹಾಕಿ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಫೋನ್ ಎತ್ತಿದ ತಕ್ಷಣ ಅಪ್ಪ ಮೊದಲು ಹೇಳಿದ್ದು ಗ್ಯಾಸಿನ ವಿಷಯವಲ್ಲ, ನಿನ್ನ ವಿಷಯ. 'ಮೊಂಡಿಗೆ ಮಾಡಿದ್ದೆ, ಕಟ್ ಮಾಡಿದ್ಳು. ಯಾರಿಗೋ ಏನೋ ಮಾಡ್ತಿರ್ತಾಳೆ, ಮಾಡ್ಲಿ. ಸಂಜೆ ಫೋನ್ ಮಾಡಿದ್ರೆ ನಾನೇನೂ ಬೇಜಾರಾಗಿಲ್ಲ ಅಂತ ಹೇಳು.' ಅಪ್ಪನಿಗೆ ನನ್ನ ಮೇಲೆ ಬೇಜಾರಾಗಿತ್ತಾ ಅಂತ ನೀನು ಬಂದ ದಿನವೂ ಕೇಳಿದೆ, ಆಮೇಲೂ ಎಷ್ಟೋ ಸಲ ಕೇಳಿದೆ, ಹೇಳಿದರೆ ಫೋನ್ ಬಂದದ್ದು ಗೊತ್ತಾಗುತ್ತದೆ ಅಂತ ಹೇಳಲಿಲ್ಲ. ಅದರಲ್ಲಿ ನುಡಿಗಟ್ಟು ಇರಲಿಲ್ಲ, ಆದ್ದರಿಂದ ಕಾರ್ಡಿನಲ್ಲೂ ಇಲ್ಲ. ಏಳು ತಿಂಗಳಿಂದ ದಿನವೂ ಒಂದು ಸಲ ನನಗೆ ನಾನೇ ಹೇಳಿಕೊಂಡು ಉಳಿಸಿಕೊಂಡಿದ್ದೇನೆ. ಒಂದೆರಡು ಪದ ಆಚೀಚೆ ಆಗಿರಬಹುದು, ಆಗಿಲ್ಲ ಅಂತ ಆಣೆ ಮಾಡಲಾರೆ.